ಮಾತಿನ ಕೊಳವೆಯ ಎರಡು ತುದಿ

ಜನವರಿ ೧೧

ತೋಪಣ್ಣಾ,

ಹೆಸರು ಹಿಡಿದು ಬರೆದರೆ ಯಾರೋ ವಕೀಲರ ನೋಟೀಸು ಅಂದುಕೊಂಡು ಒಡೆಯದೆ ಎತ್ತಿಟ್ಟೀಯ ಎಂದು ಹಡಗಿನಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದಿದ್ದೇನೆ. ನಾನು ಮಸಿ. ನಮ್ಮ ಮುದುಕಿಯ ಹೊಟ್ಟೆಯೊಳಗೆ ಬಾಯ್ಲರಿಗೆ ಬೆಂಕಿ ಉಣಿಸುತ್ತಿದ್ದವನು. ಊಟದ ಸಾಲಿನಲ್ಲಿ ನಿನ್ನ ಹಿಂದೆ ನಿಂತು, ನಿನ್ನ ಬಿಳಿ ಅಂಗಿಯ ಬೆನ್ನಿಗೆ ಐದು ಬೆರಳೂ ಒತ್ತುತ್ತಿದ್ದವನು. ನೆನಪಾಯಿತೇ? ಆಗದಿದ್ದರೆ ಮುಂದೆ ಓದಬೇಡ, ನನಗೆ ಅವಮಾನ.

ಹಳೆಯ ನಾವಿಕರ ಸಂಘದವರು ನಿನ್ನ ವಿಳಾಸ ಕೊಟ್ಟರು. ಸಮುದ್ರದ ವಾಸನೆಯೂ ತಟ್ಟದಷ್ಟು ಒಳಗಿನ ಊರು. ತೋಪು ಹಾರಿಸುತ್ತಿದ್ದ ಕೈ ಅಲ್ಲಿ ಏನು ಮಾಡುತ್ತಿದೆ? ಆ ಕಾಳಗ ಮುಗಿದ ಮೇಲೆ ನಿನ್ನನ್ನು ಆಸ್ಪತ್ರೆಗೆ ಇಳಿಸಿದರು, ನನ್ನನ್ನು ಬೇರೆ ಹಡಗಿಗೆ ಹತ್ತಿಸಿದರು. ಆಮೇಲೆ ಮದುವೆ, ಮಗಳು, ಬಟ್ಟೆ ಗಿರಣಿಯ ಬಾಯ್ಲರು, ನಿವೃತ್ತಿ. ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ತಲೆ ಬೆಳ್ಳಗಾಯಿತು. ಹೆಂಡತಿ ನನಗಿಂತ ಮುಂಚೆ ಹೊರಟುಹೋದಳು. ಈಗ ಮಗಳ ಮನೆಯಲ್ಲಿದ್ದೇನೆ. ಅಳಿಯ ಒಳ್ಳೆಯವನು, ನನ್ನ ಗೊರಕೆಯೊಂದನ್ನು ಬಿಟ್ಟರೆ ಅವನದು ಬೇರೆ ದೂರಿಲ್ಲ.

ವಿಷಯಕ್ಕೆ ಬರುತ್ತೇನೆ. ನಾವು ಸೇರುವಾಗಲೇ ಹಳತಾಗಿದ್ದಳಲ್ಲ ನಮ್ಮ ಯುದ್ಧಹಡಗು ಮುದುಕಿ, ಅವಳನ್ನು ಗುಜರಿಗೆ ಹಾಕಲಿಲ್ಲ. ಇಲ್ಲಿಯ ಬಂದರಿನ ಹಳೆ ಕಟ್ಟೆಗೆ ಕಟ್ಟಿ, ಬಣ್ಣ ಬಳಿದು, ಮ್ಯೂಸಿಯಂ ಮಾಡಿದ್ದಾರೆ. ಶನಿವಾರ ಶನಿವಾರ ಶಾಲೆಯ ಮಕ್ಕಳು ಬರುತ್ತಾರೆ, ಅವರಿಗೆ ತೋರಿಸುವ ಕೆಲಸ ನನ್ನದು. ಸಂಬಳವಿಲ್ಲ. ಟೋಪಿ ಹಾಕಿದ್ದಾರೆ, ಎರಡೂ ಅರ್ಥದಲ್ಲಿ.

ನಾವು ಉಣ್ಣುತ್ತಿದ್ದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳನ್ನಿಟ್ಟು ಪುಟ್ಟ ಪುಟ್ಟ ಹಡಗು ಜೋಡಿಸಿದ್ದಾರೆ. ಹುಟ್ಟು ಹಾಕುತ್ತಿದ್ದ ಕಾಲದ್ದು, ಹಾಯಿ ಬಿಚ್ಚುತ್ತಿದ್ದ ಕಾಲದ್ದು, ಕಬ್ಬಿಣದ ಕವಚ ತೊಟ್ಟದ್ದು. ತರಬೇತಿ ಶಾಲೆಯ ಮೀಸೆ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರಲ್ಲ, ಅದೆಲ್ಲ ಈಗ ಉಪಯೋಗಕ್ಕೆ ಬಂತು. ಹಾಯಿ, ಹುಟ್ಟು ಎಲ್ಲ ಹೇಳಿ ಮುಗಿಸಿದ ಮೇಲೆ ಮಕ್ಕಳು ಕೇಳುವುದು ಒಂದೇ. “ತಾತಾ, ಯುದ್ಧದಲ್ಲಿ ನೀವು ಏನೇನು ನೋಡಿದ್ರಿ?”

“ಹಬೆ ಅಳೆಯೋ ಗೇಜಿನ ಮುಳ್ಳು ನೋಡ್ದೆ ಕಂದಾ” ಅನ್ನಲೇ? ನೀರಿನ ಮಟ್ಟಕ್ಕಿಂತ ಕೆಳಗೆ, ಕಬ್ಬಿಣದ ಡಬ್ಬಿಯಲ್ಲಿ ಬೆವರು ಸುರಿಸುತ್ತ ಒಂದಿಡೀ ಸಮುದ್ರಯುದ್ಧ ಮಾಡಿದೆ. ಸಮುದ್ರ ಕಾಣಲಿಲ್ಲ, ಶತ್ರುವೂ ಕಾಣಲಿಲ್ಲ. ಸಮುದ್ರ ಅಂತ ನನಗೆ ಗೊತ್ತಿದ್ದದ್ದು ನಮ್ಮ ಹದ್ದು ಹೇಳಿದಷ್ಟು ಮಾತ್ರ. ಕಾವಲು ಕಟ್ಟೆಯ ಮೇಲೆ ನಿಂತು ಕಡಲಂಚಿನ ಚುಕ್ಕೆಯನ್ನೂ ಗುರುತಿಸುತ್ತಿದ್ದನಲ್ಲ, ಅದಕ್ಕೇ ತಾನೇ ಆ ಹೆಸರು. ಕೆಲಸವಿಲ್ಲದ ಹೊತ್ತಿನಲ್ಲಿ, ಮೇಲಿನಿಂದ ನಮ್ಮವರೆಗೆ ಇಳಿದಿದ್ದ ಹಿತ್ತಾಳೆಯ ಮಾತಿನ ಕೊಳವೆಗೆ ಬಾಯಿಟ್ಟು, “ಕೆಳಗಿನವರೇ, ಇವತ್ತು ನೀರು ನವಿಲಿನ ಕತ್ತಿನ ಬಣ್ಣ ಕಣ್ರೋ” ಅನ್ನುತ್ತಿದ್ದ. ಬಾಯ್ಲರ್ ರೂಮಿಗೆ ಅವನೊಬ್ಬನೇ ಕಿಟಕಿ.

ಅವನಿಲ್ಲ. ಉಳಿದವನು ನೀನು. ನೀನು ಮುಂದಿನ ತೋಪಿನ ಮೇಲೆ ನಿಂತು ಎಲ್ಲ ಕಂಡವನು. ಆ ಬೆಳಗ್ಗೆ ಏನೇನು ಕಂಡೆ, ಬರೆದು ಕಳಿಸು. ಬರೆಯಲು ಬೇಜಾರಾದರೆ ಫೋನು ಮಾಡು. ಮಗಳ ನಂಬರು ಕೆಳಗಿದೆ.

ನಿನ್ನ,
ಮಸಿ

ಫೆಬ್ರವರಿ ೨

ಮಸಿ,

ಅಂಗಿಯ ಬೆನ್ನು ಮರೆಯುವುದುಂಟೇ? ಆ ಐದು ಬೆರಳಿಗಾಗಿ ಅಧಿಕಾರಿಯಿಂದ ಬೈಸಿಕೊಂಡವನು ನಾನು.

ನಿನ್ನ ಕಾಗದವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮದುಮಕ್ಕಳು, ಪದವಿ ಪಡೆದವರು, ತೀರಿಕೊಂಡ ಅಜ್ಜಂದಿರು, ಎಲ್ಲರನ್ನೂ ನಾಲ್ಕು ಪಟ್ಟಿಯೊಳಗೆ ಕೂರಿಸುತ್ತೇನೆ. ಮಗ ಬೇರೆ ಊರಿಗೆ ಹೋಗಿಬಂದು ದುಡಿಯುತ್ತಾನೆ, ಸೊಸೆ ಗಿರಾಕಿಗಳ ಹತ್ತಿರ ಮಾತಾಡುತ್ತಾಳೆ, ನಾನು ಮೊಳೆ ಹೊಡೆಯುತ್ತೇನೆ. ಹೆಂಡತಿ ಇದ್ದಾಳೆ, ಈಗಲೂ ನನ್ನನ್ನು ಬೈಯುತ್ತಾಳೆ. ಹಾಗೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತದೆ.

ಫೋನಿನ ಮಾತು ಬಿಡು. ನನಗೆ ಅದು ಒಗ್ಗುವುದಿಲ್ಲ.

ಆ ಬೆಳಗ್ಗೆ ಆಕಾಶ ಹಳೆಯ ತಟ್ಟೆಯಂತಿತ್ತು. ಬಿಸಿಲು ಇರಲಿಲ್ಲ, ಮೋಡವೂ ಇರಲಿಲ್ಲ. ನೀರು ಬೂದಿ ಬಣ್ಣ, ಎಲ್ಲೋ ಕೆಲವು ಕಡೆ ಸೀಸೆಯ ಹಸಿರು. ಹದ್ದು ಮೊದಲು ಕೈ ತೋರಿಸಿದ್ದು ಎಡಕ್ಕೆ. ನನಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ಚುಕ್ಕೆ, ಚುಕ್ಕೆಗೆ ಹೊಗೆ. ಹತ್ತಿರವಾದಂತೆ ಅದು ಯಾರೋ ಮಂಚದ ಮೇಲೆ ಮರೆತುಹೋದ ಇಸ್ತ್ರಿಪೆಟ್ಟಿಗೆಯ ಹಾಗೆ ಕಂಡಿತು. ಇಷ್ಟು ದೊಡ್ಡ ಹಾಸಿಗೆಯ ಮೇಲೆ ಅಷ್ಟೇ ಅಷ್ಟು ಇಸ್ತ್ರಿಪೆಟ್ಟಿಗೆ. ಅದರ ಮೈಯಲ್ಲಿ ಕಿತ್ತಳೆ ಬಣ್ಣದ ಕಿಡಿಯೊಂದು ಹತ್ತಿ ಆರಿತು. “ಯಾರೋ ಬೀಡಿ ಹಚ್ಚಿದ ಹಾಗಿದೆ” ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನಮ್ಮ ಮುಂದೆ ನೀರು ಎದ್ದು ನಿಂತಿತು, ತೆಂಗಿನಮರದ ಎತ್ತರ, ಅಚ್ಚ ಬಿಳಿ. ಅದು ಬೀಳುವಾಗ ಅದರೊಳಗೆ ಮೀನು ಇದ್ದವು. ಡೆಕ್ಕಿನ ಮೇಲೆ ಬಿದ್ದು ಒದ್ದಾಡಿದವು. ನನ್ನ ಹಿಂದೆ ಗುಂಡು ಎತ್ತಿಕೊಡುತ್ತಿದ್ದವನು ಒಂದನ್ನು ಕಾಲಿನಿಂದ ಮೆಲ್ಲಗೆ ನೀರಿಗೆ ತಳ್ಳಿದ. ಯುದ್ಧದ ನಡುವೆ ಅವನಿಗೆ ಮೀನಿನ ಮೇಲೆ ಕರುಣೆ!

ನಾವೂ ಹಾರಿಸಿದೆವು. ಮೊದಲನೆಯದು ದಾಟಿಹೋಯಿತು, ಆಮೇಲಿನದು ಮುಂದೆ ಬಿತ್ತು. ಮತ್ತೆ ಹಾರಿಸಿದಾಗ ಇಸ್ತ್ರಿಪೆಟ್ಟಿಗೆಯ ಹಿಡಿ ಮುರಿಯಿತು. ಅದು ಅವರ ಹೊಗೆಕೊಳವೆ. ಕೊನೆಗೆ ಅವರು ತಿರುಗಿ ಹೋದರು.

ಇಷ್ಟು ಸಾಕಲ್ಲವೇ? ನನ್ನದೂ ಒಂದು ಕೇಳಿಕೆ ಇದೆ. ಕೆಳಗೆ ನಿನಗೆ ಏನೇನು ಕೇಳಿಸಿತು? ಬಿಡಿಸಿ ಬರೆ. ಸದ್ದುಗಳನ್ನು ಬರೆ.

ತೋಪು

ಫೆಬ್ರವರಿ ೨೦

ತೋಪಣ್ಣಾ,

ಏನು ಬರೆದಿದ್ದೀಯೋ! ಮೀನಿನ ಕಥೆ ಹೇಳಿದಾಗ ಮಕ್ಕಳು ಡೆಕ್ಕಿನ ಮೇಲೆ ಮೀನು ಹುಡುಕಲು ಶುರುಮಾಡಿದವು. ಇಸ್ತ್ರಿಪೆಟ್ಟಿಗೆಗೆ ಒಂದೇ ನಗು. ಹಿಡಿ ಮುರಿಯಿತು ಅಂದಾಗ ಚಪ್ಪಾಳೆ. ನಿನ್ನ ತೋಪನ್ನು ಈಗ ತಿರುಗದ ಹಾಗೆ ಬೆಸುಗೆ ಹಾಕಿದ್ದಾರೆ. ಅದರ ಪಕ್ಕದಲ್ಲಿ ನಿಂತು ಹೇಳುತ್ತೇನೆ. ಆದರೆ ನಿನ್ನ ಕಥೆಯಲ್ಲಿ ಸದ್ದೇ ಇಲ್ಲವಲ್ಲ ಮಹರಾಯ? ಮೂಕಿ ಸಿನಿಮಾ ನೋಡಿದ ಹಾಗಾಯಿತು. ‘ಢಂ’ ಎಲ್ಲ ನಾನೇ ಸೇರಿಸಿಕೊಂಡೆ.

ನೀನು ಕೇಳಿದೆ ಅಂತ ಬರೆಯುತ್ತೇನೆ. ನನ್ನನ್ನು ಪರೀಕ್ಷೆ ಮಾಡುತ್ತಿದ್ದೀಯೋ, ನಿಜಕ್ಕೂ ಅಲ್ಲಿದ್ದೆನೋ ಇಲ್ಲವೋ ಅಂತ? ಹಾಗಾದರೆ ಕೇಳು. ಬಾಯ್ಲರಿನ ಬುಸುಗುಟ್ಟುವಿಕೆ ಯಾವಾಗಲೂ ಇರುವುದು, ಅದು ನಮಗೆ ಸದ್ದೇ ಅಲ್ಲ. ನಿನ್ನ ತೋಪು ಹಾರಿದಾಗ ಮೇಲಿನಿಂದ ಯಾರೋ ಕಡಾಯಿ ಬೋರಲು ಹಾಕಿ ಒನಕೆಯಿಂದ ಹೊಡೆದ ಹಾಗೆ. ನಾವು ಕಡಾಯಿಯ ಒಳಗೆ. ಶತ್ರುವಿನ ಗುಂಡು ನೀರಿಗೆ ಬಿದ್ದರೆ ಅದು ಬೇರೆ. ಹಡಗಿನ ಗೋಡೆಗೆ ಹೊರಗಿನಿಂದ ಯಾರೋ ಭುಜ ಕೊಟ್ಟು ನೂಕಿದ ಹಾಗೆ, ‘ಹುಮ್’ ಅಂತ. ನಮ್ಮದೋ ಅವರದೋ ಅಂತ ನಾವು ಹೇಳಿಬಿಡುತ್ತಿದ್ದೆವು. ಪ್ರತಿ ‘ಹುಮ್’ಗೂ ದೀಪ ಕಣ್ಣು ಮಿಟುಕಿಸುತ್ತಿತ್ತು. ನಮ್ಮ ಮೇಸ್ತ್ರಿ “ಒಲೆ ನೋಡ್ರೋ, ಸೂರು ನೋಡ್ಬೇಡಿ” ಅನ್ನುತ್ತಿದ್ದ. ಕೊಳವೆಯ ಹತ್ತಿರ ಕಿವಿಗೊಟ್ಟು ನಿಲ್ಲುವ ಕೆಲಸ ನನ್ನದು. ಕಪ್ತಾನರ ಅಪ್ಪಣೆ ಬಂದರೆ ಕೂಗಿ ಹೇಳಬೇಕಿತ್ತು.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡ. ಹದ್ದಿನ ವಿಷಯ ನೀನು ಒಂದೇ ಸಾಲಿನಲ್ಲಿ ಮುಗಿಸಿದೆ. ನಾವು ಮೇಲೆ ಬರುವಷ್ಟರಲ್ಲಿ ಅವನ ಮೇಲೆ ಬಟ್ಟೆ ಹೊದಿಸಿದ್ದರು. ನೀನು ಅವನ ಹತ್ತಿರವೇ ಇದ್ದೆಯಂತೆ. ಕೊನೆಗೆ ಏನಾದರೂ ಅಂದನೇ? ಇದನ್ನು ಕಾಗದದಲ್ಲಿ ಬರೆಯಲು ಕಷ್ಟವಾದರೆ ಎರಡು ನಿಮಿಷ ಫೋನು ಮಾಡೋ. ನಿನ್ನ ದನಿ ಕೇಳಿಯೇ ಎಷ್ಟು ಕಾಲವಾಯಿತು!

ಮಸಿ

ಮಾರ್ಚ್ ೧೫

ಮಾನ್ಯರೇ,

ತಾವು ಕ್ಷೇಮವೆಂದು ಪತ್ರಿಕೆಯ ಮೂಲಕ ತಿಳಿಯಿತು. ತಮ್ಮ ಊರಿನ ಪತ್ರಿಕೆಯ ತುಂಡೊಂದನ್ನು ಸಂಘದವರು ಕಳಿಸಿದ್ದಾರೆ. ತೋಪಿನ ಮೇಲೆ ಕೈಯಿಟ್ಟು ನಿಂತ ತಮ್ಮ ಭಾವಚಿತ್ರ ಚೆನ್ನಾಗಿ ಬಂದಿದೆ. ‘ಶತ್ರುವಿನ ಹೊಗೆಕೊಳವೆ ಹಾರಿಸಿದ ತೋಪುಗಾರ ತಾತ’ ಎಂಬ ತಲೆಬರಹವೂ ಚೆನ್ನಾಗಿದೆ. ಮೀನೂ ಇದೆ, ಇಸ್ತ್ರಿಪೆಟ್ಟಿಗೆಯೂ ಇದೆ.

ಕಾಗದ ಬರೆಸಿಕೊಂಡದ್ದು ಏತಕ್ಕೆಂದು ಈಗ ಅರ್ಥವಾಯಿತು. ಸನ್ಮಾನದ ಶಾಲು ಹೊದಿಸಿದರೆ ಅದರ ಫೋಟೋ ಕಳಿಸಿಕೊಡಿ. ಕಟ್ಟು ಹಾಕಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಚೌಕಟ್ಟಿನ ಅಂಗಡಿಯವನು

ಮಾರ್ಚ್ ೨೮

ತೋಪಣ್ಣಾ,

‘ತಾವು’ ಅಂದು ಕಪಾಳಕ್ಕೆ ಹೊಡೆದೆ. ಹೊಡೆಸಿಕೊಂಡೆ. ಈಗ ನನ್ನದನ್ನೂ ಕೇಳು.

ಮೊದಲ ಶನಿವಾರ ನಾನು ನನ್ನ ಕಥೆಯನ್ನೇ ಹೇಳಿದೆ. ಬೆಂಕಿ, ಹಬೆ, ಗೇಜು. ಎರಡು ಮಾತಿಗೇ ಮಕ್ಕಳು ಒಬ್ಬರ ಜಡೆ ಒಬ್ಬರು ಎಳೆಯತೊಡಗಿದವು, ಅವರ ಮೇಷ್ಟ್ರು ಗಡಿಯಾರ ನೋಡಿಕೊಂಡರು. ಬಾಯ್ಲರ್ ರೂಮನ್ನಾದರೂ ತೋರಿಸೋಣವೆಂದರೆ ಮ್ಯೂಸಿಯಂ ಮೇಡಮ್ಮು ಬಾಗಿಲಿಗೆ ಬೀಗ ಹಾಕಿಸಿದ್ದಾರೆ. “ಏಣಿ ತುಂಬಾ ಕಡಿದಾಗಿದೆ ತಾತ, ಮಗು ಬಿದ್ರೆ ಯಾರು ಹೊಣೆ?” ಅನ್ನುತ್ತಾರೆ. ತಪ್ಪೇನಲ್ಲ. ಆದರೆ ಒಂದು ಸಂಗತಿ ಕೇಳು. ಆ ಗಾಜಿನ ಪೆಟ್ಟಿಗೆಯ ಹುಟ್ಟಿನ ಹಡಗಿನಲ್ಲಿ ಕೆಳಗೆ ಸಾಲು ಸಾಲು ಜನ ಕೂತಿದ್ದಾರೆ. ಅವರಿಗೂ ಸಮುದ್ರ ಕಂಡಿರಲಿಲ್ಲ. ಎಳೆಯುವುದು ಮಾತ್ರ ಗೊತ್ತು. ಹಾಯಿ ಹಡಗಿನಲ್ಲಿ ಮದ್ದು ಹೊರುತ್ತಿದ್ದವರಿಗೂ ಹಾಗೆಯೇ. ಸಾವಿರಾರು ವರ್ಷ ಸಮುದ್ರದ ಮೇಲೆ ಕಾದಾಡಿದ್ದಾರೆ, ಅರ್ಧ ಜನ ಏನೂ ನೋಡದೆ ಸತ್ತಿದ್ದಾರೆ. ಗೋಡೆಯ ಮೇಲೆ ನೇತುಹಾಕಿದ ಚಿತ್ರಗಳಲ್ಲೆಲ್ಲ ಬರೀ ಮೇಲಿನವರು.

ಅದಕ್ಕೆ ನಿನ್ನ ಕಣ್ಣು ಎರವಲು ತಂದೆ. “ನನ್ನ ಗೆಳೆಯ ಹೀಗೆ ಕಂಡ” ಅಂತಲೇ ಶುರುಮಾಡುತ್ತಿದ್ದೆ. ಹೇಳುತ್ತ ಹೇಳುತ್ತ ‘ಗೆಳೆಯ’ ಉದುರಿ ‘ನಾನು’ ಆಯಿತು. ಯಾವ ಶನಿವಾರ ಉದುರಿತೋ ನನಗೇ ತಿಳಿಯದು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವಾಗ ಏನಾಗುತ್ತದೆಂದು ನಿನಗೆ ಗೊತ್ತಿಲ್ಲ. ಪತ್ರಿಕೆಯವನು ಬಂದಿದ್ದು ಅಂಥದೊಂದು ದಿನ.

ಇನ್ನು ನಿನ್ನ ಸರದಿ. ಒಂದು ಸಲ, ಒಂದೇ ಒಂದು ಸಲ ಫೋನು ಮಾಡು ಅಂದೆ. ನೀನು ‘ಒಗ್ಗುವುದಿಲ್ಲ’ ಅಂದೆ. ಸಂಘದವರಿಂದ ನಿನ್ನ ಅಂಗಡಿಯ ನಂಬರು ಪಡೆದು ನಾನೇ ಮಾಡಿದೆ. ನಿನ್ನ ಸೊಸೆ ಎತ್ತಿ, “ಮಾವ ಮಾತಾಡಲ್ಲ” ಅಂದಳು. ಹಿಂದೆ ನೀನು ಮೊಳೆ ಹೊಡೆಯುವ ಸದ್ದು ನನಗೆ ಕೇಳುತ್ತಿತ್ತು ತೋಪಣ್ಣಾ. ಅಲ್ಲೇ ಇದ್ದುಕೊಂಡು ಬರಲಿಲ್ಲ. ಮೇಲಿನವರು ಆಗಲೂ ಕೆಳಗಿನವರ ಹತ್ತಿರ ಅಷ್ಟಕ್ಕಷ್ಟೇ ಇದ್ದರು. ಈಗಲೂ ಹಾಗೆಯೇ ಅಂತ ತಿಳಿದುಕೊಳ್ಳುತ್ತೇನೆ.

ಮಸಿ

ಏಪ್ರಿಲ್ ೧೯

ಮಸಿ,

ಸೊಸೆ ಹೇಳಿದ್ದನ್ನು ನೀನು ತಪ್ಪಾಗಿ ತಿಳಿದೆ. ಅವಳು ಮುಚ್ಚಿಟ್ಟಳು, ಯಾಕೆಂದರೆ ಯಾರಿಗೂ ಹೇಳಬಾರದೆಂದು ನಾನು ತಾಕೀತು ಮಾಡಿದ್ದೆ. ನನಗೆ ಕಿವಿ ಕೇಳುವುದಿಲ್ಲ. ಸ್ವಲ್ಪವೂ ಇಲ್ಲ. ಆ ಬೆಳಗ್ಗೆಯಿಂದ ಇಲ್ಲ.

ಹೆಂಡತಿಯ ದನಿ ಹೇಗಿದೆಯೆಂದು ನನಗೆ ಗೊತ್ತಿಲ್ಲ. ಮದುವೆಯಾದದ್ದು ಆಮೇಲೆ. ಮಗನ ಮೊದಲ ಅಳುವನ್ನು ಕೇಳಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ, ಉಳಿದದ್ದಕ್ಕೆ ಸ್ಲೇಟು ಇದೆ. ನನ್ನ ಕಥೆಯಲ್ಲಿ ಸದ್ದಿಲ್ಲ ಅಂದೆಯಲ್ಲ, ಕಾರಣ ಇದೇ. ನೀನು ಬರೆದ ‘ಹುಮ್’ ಅನ್ನು ಮಾತ್ರ ಎಷ್ಟು ಸಲ ಓದಿದೆನೋ! ಪರೀಕ್ಷೆಯಲ್ಲ ಕಣೋ. ನನ್ನ ಯುದ್ಧದ ಅರ್ಧ ನಿನ್ನ ಹತ್ತಿರ ಇತ್ತು.

ಹದ್ದಿನ ವಿಷಯ. ಇದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ.

ಅವರ ಗುಂಡೊಂದು ಕಾವಲು ಕಟ್ಟೆಗೆ ಬಡಿಯಿತು. ನನ್ನ ಕಿವಿ ಹೋದದ್ದು ಅದಕ್ಕೇ. ಎದ್ದು ನೋಡಿದರೆ ಜಗತ್ತಿಗೆ ಹತ್ತಿ ತುರುಕಿದ ಹಾಗಿತ್ತು. ಹದ್ದು ಡೆಕ್ಕಿನ ಮೇಲೆ ಅಂಗಾತ ಬಿದ್ದಿದ್ದ. ಓಡಿಹೋಗಿ ಎತ್ತಿ ಕೂರಿಸಿದೆ. ಅವನ ಕಣ್ಣು ಹೋಗಿತ್ತು ಮಸಿ. ಎರಡೂ. ಎದೆಯಲ್ಲೂ ಪೆಟ್ಟಾಗಿತ್ತು. ಅವನು ಕೈಯಾಡಿಸಿ ಏನನ್ನೋ ತಡಕಾಡಿದ. ನನ್ನ ಕೈ ಬೇಕೇನೋ ಎಂದು ಕೊಟ್ಟೆ, ತಳ್ಳಿಬಿಟ್ಟ. ಅವನಿಗೆ ಬೇಕಾಗಿದ್ದದ್ದು ಪಕ್ಕದ ಗೋಡೆಯಲ್ಲಿದ್ದ ಮಾತಿನ ಕೊಳವೆ. ಅದರ ಬಾಯಿಗೆ ಅವನ ಬಾಯಿ ತಾಗುವ ಹಾಗೆ ಭುಜ ಹಿಡಿದು ನಿಲ್ಲಿಸಿದೆ. ತುಟಿ ಅಲುಗಿದವು. ಪಕ್ಕದಿಂದ ನೋಡುತ್ತಿದ್ದೆ, ಆಗ ತುಟಿ ಓದಲು ನನಗೆ ಬರುತ್ತಲೂ ಇರಲಿಲ್ಲ. “ಏನಂದ್ಯೋ? ಏನಂದೆ?” ಅಂತ ಕಿರುಚಿದೆ. ನನ್ನ ಕಿರುಚಾಟ ನನಗೇ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ತಲೆ ನನ್ನ ತೋಳಿನ ಮೇಲೆ ಭಾರವಾಯಿತು.

ಅವನು ಮಾತಾಡಿದ, ಅಷ್ಟು ನನಗೆ ಗೊತ್ತು. ಕೊಳವೆಯ ಆ ತುದಿಯಲ್ಲಿ ನೀನಿದ್ದೆ ಅಂತ ನಿನ್ನ ಕಾಗದ ಓದಿದ ಮೇಲೆಯೇ ತಿಳಿದದ್ದು. ಏನು ಇಳಿದು ಬಂತು ಮಸಿ?

ತೋಪು

ಮೇ ೧೬

ಮಸಿ,

ಉತ್ತರ ಬರಲಿಲ್ಲ. ಅಂಚೆಯವನ ತುಟಿ ನೋಡಿ ನೋಡಿ ಸಾಕಾಯಿತು. ದಿನಾ ‘ಇಲ್ಲ’ ಅನ್ನುತ್ತದೆ. ಆ ‘ತಾವು’ ಇನ್ನೂ ಚುಚ್ಚುತ್ತಿದ್ದರೆ ಬೈದು ಬರೆ. ತೋಪಿನ ಕಥೆ ನೀನೇ ಇಟ್ಟುಕೋ, ‘ನಾನು’ ಅಂತಲೇ ಹೇಳು, ನನಗೇನೂ ಇಲ್ಲ. ಮೈ ಹುಷಾರಿಲ್ಲದಿದ್ದರೆ ಮಗಳ ಕೈಯಲ್ಲಾದರೂ ಎರಡು ಸಾಲು ಹಾಕಿಸು.

ತೋಪು

ಜೂನ್ ೨೧

ತೋಪಣ್ಣಾ,

ಮೈ ಚೆನ್ನಾಗಿದೆ. ಮನಸ್ಸು ಕೈಕೊಟ್ಟಿತ್ತು. ಹಡಗಿಗೆ ಹೋಗುವುದನ್ನೇ ಬಿಟ್ಟಿದ್ದೆ. ಮೇಡಮ್ಮು ಮನೆಗೆ ಬಂದು ವಿಚಾರಿಸಿದರು. “ತಾತ, ಪತ್ರಿಕೆಯ ವಿಷ್ಯಕ್ಕೆ ಬೇಜಾರಾ?” ಅಂದರು. ಹೌದೆಂದು ತಲೆಯಾಡಿಸಿದೆ, ಬೇರೆ ಏನು ಹೇಳಲಿ?

ಈಗ ಹೇಳುತ್ತೇನೆ. ಆ ಹೊತ್ತಿನಲ್ಲಿ ದೊಡ್ಡ ಹೊಡೆತವೊಂದು ಬಿದ್ದದ್ದು ನಮಗೂ ಗೊತ್ತಾಯಿತು. ದೀಪ ಆರಿ ಮತ್ತೆ ಹತ್ತಿತು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಆಗ ಕೊಳವೆಯಲ್ಲಿ ಹದ್ದಿನ ದನಿ ಬಂತು. ಸಣ್ಣಗೆ, ನಿಧಾನಕ್ಕೆ.

“ಕೆಳಗಿನವರೇ, ಇವತ್ತು ಏನೂ ಕಾಣ್ತಿಲ್ಲ ಕಣ್ರೋ. ನಾನೂ ನಿಮ್ಮ ಪೈಕಿಯೇ ಆದೆ.”

ಹೊಗೆ ಕವಿದಿರಬೇಕು ಅಂದುಕೊಂಡೆ. ಹದ್ದಿಗೇ ಕಣ್ಣು ಕಾಣುತ್ತಿಲ್ಲವಂತೆ! ನಾನು ಕೊಳವೆಗೆ ಬಾಯಿಟ್ಟು ಕೂಗಿದೆ: “ಹಾಗಾದ್ರೆ ಕೆಳಗೆ ಬಾರೋ, ಜಾಗ ಇದೆ!” ಹಿಂತಿರುಗಿ ಎಲ್ಲರಿಗೂ ಹೇಳಿದೆ. ಬಿಗಿಹಿಡಿದ ಉಸಿರೆಲ್ಲ ಒಮ್ಮೆಗೇ ನಗುವಾಗಿ ಹೊರಬಿತ್ತು. ಯಾವತ್ತೂ ನಗದ ನಮ್ಮ ಮೇಸ್ತ್ರಿಯೂ ಸಲಿಕೆಯ ಮೇಲೆ ಒರಗಿಕೊಂಡು ನಕ್ಕ. ಎಲ್ಲರೂ ಕೊಳವೆಯ ಬಾಯಿಯ ಹತ್ತಿರ ಮುಗಿಬಿದ್ದು “ಬಾರೋ, ಬಾರೋ” ಅಂದರು.

ಇಷ್ಟು ವರ್ಷ ಅದನ್ನು ಅವನ ಕೊನೆಯ ತಮಾಷೆಯೆಂದು ಜೋಪಾನವಾಗಿ ಇಟ್ಟುಕೊಂಡಿದ್ದೆ. ಹೆಂಡತಿಗೆ ಹೇಳಿ ನಗಿಸಿದ್ದೇನೆ, ಮಗಳನ್ನು ನಗಿಸಿದ್ದೇನೆ. ಆಮೇಲೆ ಯಾವಾಗಲೋ ಪೆಟ್ಟು ಬಿದ್ದು ಸತ್ತ ಅಂತ ತಿಳಿದಿದ್ದೆ. ನಿನ್ನ ಕಾಗದ ಬರುವವರೆಗೆ. ಕಣ್ಣು ಹೋದವನು ಹೇಳಿಕೊಂಡಾಗ ನಾವು ನಕ್ಕೆವು ತೋಪಣ್ಣಾ. ಸಾಯುವವನನ್ನು ನೋಡಿ ಯಾರಾದರೂ ನಗುತ್ತಾರೆಯೇ?

ಮಸಿ

ಜುಲೈ ೧

ಮಸಿ,

ನಿನ್ನ ಕಾಗದ ಬಂದ ದಿನವೇ ಬರೆಯುತ್ತಿದ್ದೇನೆ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು.

ನಾನು ಒಂದು ಸಂಗತಿ ಬಿಟ್ಟು ಬರೆದಿದ್ದೆ. ಮುಚ್ಚಿಡಲು ಅಲ್ಲ, ನನಗೇ ನಂಬಿಕೆ ಇರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಬರೆದು ತೋರಿಸಿದಾಗ, ತಲೆಗೆ ಪೆಟ್ಟಾದವರಿಗೆ ಇಲ್ಲದ್ದೆಲ್ಲ ಕಾಣುತ್ತದೆ ಎಂದು ಬರೆದುಕೊಟ್ಟಿದ್ದರು. ನಾನೂ ಹಾಗೆಯೇ ಅಂದುಕೊಂಡು ಬಿಟ್ಟೆ.

ಹದ್ದು ಮಾತಾಡಿದ ಮೇಲೆ ಬಾಯಿ ಸರಿಸಿ ಕೊಳವೆಗೆ ಕಿವಿ ಇಟ್ಟ. ಕಿವಿ ಒತ್ತಿಕೊಂಡ. ಆಮೇಲೆ ನಕ್ಕ ಮಸಿ. ಮುಖವಿಡೀ ರಕ್ತ, ಅದರ ನಡುವೆ ಹಲ್ಲು ಕಾಣುವ ಹಾಗೆ ನಕ್ಕ. ನನ್ನ ತೋಳೊಳಗೆ ಅವನ ಮೈ ನಗುವಿಗೆ ಕುಲುಕಿದ್ದು ನನಗೆ ಗೊತ್ತಾಯಿತು. ಸುತ್ತ ಬೆಂಕಿ, ಇವನು ನಗುತ್ತಿದ್ದಾನೆ! ಏಕೆ ಎಂದು ಇಷ್ಟು ವರ್ಷ ತಿಳಿಯಲಿಲ್ಲ. ಅವನು ಹೋದದ್ದು ಆ ನಗುವಿನ ಮೇಲೆಯೇ.

ಆ ಕೊಳವೆ ಎರಡು ಕಡೆಗೂ ಮಾತು ಒಯ್ಯುತ್ತಿತ್ತಲ್ಲವೇ? ನೀವು ಅಯ್ಯೋ ಅಂದಿದ್ದರೆ ಅವನಿಗೆ ಅಯ್ಯೋ ಕೇಳಿಸುತ್ತಿತ್ತು. ನೀವು ‘ಬಾರೋ, ಜಾಗ ಇದೆ’ ಅಂದಿರಿ. ಕಣ್ಣಿಲ್ಲದವನಿಗೆ ಅದಕ್ಕಿಂತ ಒಳ್ಳೆಯ ಮಾತು ನನಗಂತೂ ತೋಚುತ್ತಿಲ್ಲ.

ಸೊಸೆ ಒಳಗೆ ಬಂದು “ಯಾಕೆ ಮಾವ, ಕಣ್ಣಲ್ಲಿ ನೀರು?” ಅಂತ ಸ್ಲೇಟಿನ ಮೇಲೆ ಬರೆದಳು. ‘ಮರದ ಪುಡಿ’ ಅಂತ ಬರೆದೆ. ನಂಬಲಿಲ್ಲ, ಚಹಾ ತಂದಿಟ್ಟು ಹೋದಳು.

ತೋಪು

ಆಗಸ್ಟ್ ೪

ತೋಪಣ್ಣಾ,

ನಿನ್ನ ಕಾಗದ ಬಂತು. ಅದನ್ನು ಮಗಳಿಗೆ ಓದಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಉಳಿದದ್ದನ್ನು ಅವಳೇ ಓದಿಕೊಂಡಳು.

ಮತ್ತೆ ಹಡಗಿಗೆ ಹೋಗುತ್ತಿದ್ದೇನೆ. ಮೇಡಮ್ಮಿಗೆ ಎಲ್ಲ ಹೇಳಿದೆ, ಪತ್ರಿಕೆಯ ‘ನಾನು’ವಿನಿಂದ ಹಿಡಿದು ಹದ್ದಿನವರೆಗೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮರುವಾರ ಬಡಗಿಯನ್ನು ಕರೆಸಿ ಏಣಿಗೆ ಕೈಹಿಡಿ ಹಾಕಿಸಿದ್ದಾರೆ. ಸ್ವಲ್ಪ ಸ್ವಲ್ಪ ಜನರನ್ನು ಕೆಳಗೆ ಕರೆದುಕೊಂಡು ಹೋಗಬಹುದಂತೆ. ಈಗ ತೋಪಿನ ಹತ್ತಿರ ನಿಂತಾಗ ‘ನನ್ನ ಗೆಳೆಯ’ ಅನ್ನುತ್ತೇನೆ. ಬಾಯ್ಲರಿನ ಹತ್ತಿರ ನಿಂತಾಗ ‘ನಾನು’ ಅನ್ನುತ್ತೇನೆ. ಜಡೆ ಎಳೆಯುವ ಮಕ್ಕಳು ಈಗಲೂ ಇವೆ. ಆದರೂ ಕೆಲವು ಕೇಳುತ್ತವೆ.

ಒಂದು ಸಲ ಬಾ. ನಿನ್ನ ಜೊತೆ ಮಾತಾಡಬೇಕೆಂದರೆ ಸ್ಲೇಟು ತಂದಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಅದು ನಿನಗೇ ಗೊತ್ತು.

ಮಸಿ

ಸೆಪ್ಟೆಂಬರ್ ೮

ಮಸಿ,

ಊರು ತಲುಪಿದೆವು. ಮೂರು ದಿನ ನಿನ್ನ ಮಗಳ ಮನೆಯಲ್ಲಿ ಉಂಡು ಮಲಗಿದ್ದಕ್ಕೆ ಅವಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಗೊರಕೆ ನನಗೊಂದಿಷ್ಟೂ ತೊಂದರೆ ಕೊಡಲಿಲ್ಲವೆಂದು ಅಳಿಯನಿಗೂ ಹೇಳು. ಹೊಟ್ಟೆಕಿಚ್ಚು ಪಡಲಿ.

ಸ್ಲೇಟಿನ ಮೇಲೆ ಅಷ್ಟೆಲ್ಲ ಬರೆದುಕೊಂಡೆವು, ಒರೆಸಿದೆವು. ಒಂದು ಮಾತ್ರ ಉಳಿದುಹೋಯಿತು. ನೀನು ನನ್ನನ್ನು ಗುರುತು ಹಿಡಿದು ಕೂಗಿಕೊಂಡು ಬಂದು ಅಪ್ಪಿಕೊಂಡದ್ದಕ್ಕೆ ಮುಂಚಿನದು ನಿನಗೆ ಗೊತ್ತಿಲ್ಲ.

ಹೇಳದೆ ಬಂದದ್ದು ಬೇಕೆಂದೇ. ನೀನು ತೋಪಿನ ಹತ್ತಿರ ನಿಂತು ಹೇಳುವಾಗ ನಾನು ಮಕ್ಕಳ ಹಿಂದೆ, ಅವರ ಟೀಚರಮ್ಮನ ಪಕ್ಕ ನಿಂತಿದ್ದೆ. ಒಂದು ಮಾತೂ ಕೇಳಲಿಲ್ಲ. ಆದರೆ ನಿನ್ನ ಕೈ ನೋಡಿದರೆ ಸಾಕಾಗಿತ್ತು. ಕೈ ಮೇಲೇರಿತು, ನೀರು ಎದ್ದಿತು. ಬೆರಳು ಒದ್ದಾಡಿದವು, ಮೀನು ಬಿದ್ದವು. ಗುಂಡು ಹಾರಿದಾಗ ಮಕ್ಕಳ ಭುಜಗಳೆಲ್ಲ ಒಟ್ಟಿಗೆ ನಡುಗಿದವು. ಮೂಕಿ ಸಿನಿಮಾ ಅಂದಿದ್ದೆಯಲ್ಲ, ಬಹಳ ಚೆನ್ನಾಗಿತ್ತು.

ಆಮೇಲೆ ಎಲ್ಲರೂ ಕೆಳಗಿಳಿದರು, ನಾನೂ ಇಳಿದೆ. ಸೊಸೆ ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡಿದ್ದಳು, ಕರು ಹಿಡಿದ ಹಾಗೆ. ಅಷ್ಟು ವರ್ಷ ಅದೇ ಹಡಗಿನಲ್ಲಿದ್ದೂ ನಾನು ಒಮ್ಮೆಯೂ ಬಾಯ್ಲರ್ ರೂಮಿಗೆ ಇಳಿದಿರಲಿಲ್ಲ. ನಮ್ಮ ಬಿಳಿ ಅಂಗಿಗೆ ಅದು ಹೊಂದುವ ಜಾಗವಲ್ಲ ಅಂದುಕೊಂಡಿದ್ದೆವು. ಇಷ್ಟು ಇಕ್ಕಟ್ಟೆಂದು ಗೊತ್ತಿರಲಿಲ್ಲ. ಮೇಲೆ ಏಣಿಯ ಬಾಯಿಯಲ್ಲಿ ಆಕಾಶ ಕರವಸ್ತ್ರದಷ್ಟೇ ಕಾಣುತ್ತಿತ್ತು. ಯುದ್ಧದ ಹೊತ್ತಿನಲ್ಲಿ ಆ ಮುಚ್ಚಳವನ್ನೂ ಹಾಕುತ್ತಿದ್ದರಲ್ಲ!

ನೀನು ಒಲೆಯ ಬಾಗಿಲು ತೆಗೆದು ತೋರಿಸಿದೆ, ಸಲಿಕೆ ಹಿಡಿದು ಬಗ್ಗಿದೆ. ಆಮೇಲೆ ಏನೋ ಹೇಳಿ ದೀಪ ಆರಿಸಿಬಿಟ್ಟೆ. ಮಕ್ಕಳಿಗೆ ಅಲ್ಲಿಯ ಕತ್ತಲೆ ತಿಳಿಯಲಿ ಎಂದಿರಬೇಕು. ಅದನ್ನು ಮುಂಚೆಯೇ ಹೇಳಿದ್ದೆಯೋ ಏನೋ, ನನಗೆ ಕೇಳಲಿಲ್ಲವಲ್ಲ. ಕಿವಿ ಮೊದಲೇ ಇಲ್ಲ, ಈಗ ಕಣ್ಣೂ ಹೋಯಿತು. ಸೊಸೆ ಅಂಗಿ ಬಿಟ್ಟು ಅತ್ತ ಸರಿದಿದ್ದಳು. ಹೆದರಿದೆ ಮಸಿ. ತೋಪಿನ ಮೇಲೆ ನಿಂತಾಗಲೂ ಆಗದ ಹೆದರಿಕೆ. ನಾನು ಎಲ್ಲಿದ್ದೇನೆ, ಯಾವ ವರ್ಷದಲ್ಲಿದ್ದೇನೆ, ಒಂದೂ ತಿಳಿಯಲಿಲ್ಲ. ಕೈ ಚಾಚಿ ಗೋಡೆ ಹುಡುಕಿದೆ.

ಆಗ ಒಂದು ಪುಟ್ಟ ಕೈ ಬಂದು ನನ್ನ ಹೆಬ್ಬೆರಳು ಹಿಡಿಯಿತು. ಬೆವೆತ ಕೈ. ನನಗಿಂತ ಹೆಚ್ಚು ಹೆದರಿತ್ತು. ಗಟ್ಟಿಯಾಗಿ ಹಿಡಿಯಿತು, ನಾನೂ ಹಿಡಿದೆ.

ದೀಪ ಹತ್ತಿತು. ಹುಡುಗಿಯೊಬ್ಬಳು ತಲೆಯೆತ್ತಿ ನೋಡಿದಳು. ಟೀಚರಮ್ಮನ ಕೈ ಎಂದುಕೊಂಡು ಯಾವುದೋ ಬೋಳುತಲೆಯ ಮುದುಕನ ಕೈ ಹಿಡಿದಿದ್ದಳು. ನಾಚಿಕೊಂಡಳು, ಆದರೂ ಬಿಡಲಿಲ್ಲ. ನೀನು ಮಾತು ನಿಲ್ಲಿಸಿ ನನ್ನ ಕಡೆ ನೋಡಿದ್ದು ಆಮೇಲೆ.

ತೋಪು